ಎಲ್ಲರಿಗೂ ಖಗೋಳ ಕಲಿಸುವುದಾದರೆ ಲೆಕ್ಕವನ್ನು ಕೈಬಿಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಪದವಿ ಪಠ್ಯಕ್ರಮದ ಪರಿಷ್ಕರಣೆಯ ಬಗ್ಗೆ ತಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ನಡೆದಿರುವ ಚರ್ಚೆಯನ್ನು ಗಮನಿಸುತ್ತಿದ್ದೇನೆ. ಕಲಾ ಮತ್ತು ವಾಣಿಜ್ಯ ವಿದ್ಯಾರ್ಥಿಗಳಿಗೆ ಖಗೋಳವಿಜ್ಞಾನ ಹಾಗೂ ಭೌತವಿಜ್ಞಾನದ ಪರಿಚಯ ಪತ್ರಿಕೆ ಅನಗತ್ಯ ಹೊರೆ ಎಂಬುದು ಕೆಲವರ ವಾದ. ಪತ್ರಿಕೆ ಇರಲಿ, ಆದರೆ ಗಣಿತದ ಗಾಳಿಯೂ ಅದಕ್ಕೆ ಸೋಕದಿರಲಿ ಎಂಬುದು ಇನ್ನು ಕೆಲವರ ಸಲಹೆ. ಭೌತವಿಜ್ಞಾನದ ಉಪನ್ಯಾಸಕನಾಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೂ ಪಾಠ ಮಾಡಿರುವ ನನಗೆ ಮೊದಲನೆಯ ವಾದಕ್ಕಿಂತ ಈ ಎರಡನೆಯ ಸಲಹೆಯೇ ಹೆಚ್ಚು ಹಾನಿಕರವಾಗಿ ಕಾಣುತ್ತದೆ. ಮೇಲ್ನೋಟಕ್ಕೆ ವಿದ್ಯಾರ್ಥಿಗಳ ಮೇಲಿನ ಕರುಣೆಯಂತೆ ತೋರುವ ಅದು, ವಾಸ್ತವದಲ್ಲಿ ಅವರಿಗೆ ವಿಜ್ಞಾನದ ಹೆಸರಿನಲ್ಲಿ ಸಾಮಾನ್ಯ ಜ್ಞಾನದ ಕೈಪಿಡಿಯೊಂದನ್ನು ಕೊಟ್ಟು ಕಳಿಸುವ ಏರ್ಪಾಡು.

ರಾಜ್ಯದಲ್ಲಿ 2021-22ನೇ ಸಾಲಿನಿಂದ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ, ತಮ್ಮ ವಿಭಾಗದ ಹೊರಗಿನ ವಿಷಯವೊಂದನ್ನು ಓದುವ ಓಪನ್ ಎಲೆಕ್ಟಿವ್ ಪದ್ಧತಿಯೂ ಬಂತು. 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿ, ವಿಷಯಗಳ ಹಂಚಿಕೆಯೂ ಬದಲಾಯಿತು. ನೀತಿಗಳ ಹೆಸರು ಏನೇ ಇರಲಿ, ಇತಿಹಾಸ ಓದುವ ಹುಡುಗ ಒಂದು ಸೆಮಿಸ್ಟರ್ ಆಕಾಶದ ಬಗ್ಗೆ ಓದಬಹುದು ಎಂಬ ಅವಕಾಶ ಉಳಿಯಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನೇತರ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಆಯ್ದುಕೊಳ್ಳುವ ವಿಜ್ಞಾನ ವಿಷಯಗಳಲ್ಲಿ ಖಗೋಳವಿಜ್ಞಾನವೂ ಒಂದು. ಬಹುಪಾಲು ವಿದ್ಯಾರ್ಥಿಗಳಿಗೆ ಅದೇ ಬದುಕಿನ ಕೊನೆಯ ವಿಜ್ಞಾನ ತರಗತಿ. ನಮ್ಮಲ್ಲೂ ಹಾಗೆಯೇ. ಎಸ್‌ಎಸ್‌ಎಲ್‌ಸಿಯ ನಂತರ ವಿಜ್ಞಾನದ ಪುಸ್ತಕ ಮುಚ್ಚಿಟ್ಟವರಿಗೆ ಮತ್ತೊಮ್ಮೆ ಸಿಗುವ ಈ ಒಂದೇ ಸೆಮಿಸ್ಟರಿನಲ್ಲಿ ಏನನ್ನು ಕೊಡಬೇಕು ಎಂಬುದೇ ಪ್ರಶ್ನೆ.

ಕೊಡುತ್ತಿರುವುದೇನು ಎಂಬುದು ಯಾವುದೇ ಹಳೆಯ ಪ್ರಶ್ನೆಪತ್ರಿಕೆ ನೋಡಿದರೆ ತಿಳಿಯುತ್ತದೆ. ಸೌರವ್ಯೂಹದ ಅತಿ ದೊಡ್ಡ ಗ್ರಹ ಯಾವುದು, ಜ್ಯೋತಿರ್ವರ್ಷ ಎಂದರೇನು, ಕಪ್ಪುಕುಳಿಯ ಬಗ್ಗೆ ಟಿಪ್ಪಣಿ ಬರೆಯಿರಿ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಬರೆದು, ಮರುದಿನ ಮರೆಯಬಹುದಾದ ಸಂಗತಿಗಳಿವು. ಗುರುವೇ ಅತಿ ದೊಡ್ಡ ಗ್ರಹವೆಂದು ಗೊತ್ತಾಯಿತು ಎಂಬುದು ಸರಿ; ಹೋಗಿ ಅಳೆಯಲಾಗದ ವಸ್ತುವಿನ ಗಾತ್ರ ನಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಆ "ಹೇಗೆ"ಗೆ ಉತ್ತರಿಸಲು ಕೂಡಿಸು, ಗುಣಿಸು, ಭಾಗಿಸು, ಅನುಪಾತ ಇಷ್ಟು ಬೇಕಾಗುತ್ತದೆ. ಬಡ್ಡಿ ಲೆಕ್ಕ, ಸವಕಳಿ ಲೆಕ್ಕ, ಜಿಎಸ್‌ಟಿ ಲೆಕ್ಕ ಮಾಡುವ ಬಿ.ಕಾಂ. ವಿದ್ಯಾರ್ಥಿಗೆ ಇದು ಆಗದು ಎಂದು ನಾವೇ ತೀರ್ಮಾನಿಸುವುದು ಅವಮಾನವಲ್ಲದೆ ಮತ್ತೇನು?

ಒಂದು ಉದಾಹರಣೆಯನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಮೈಸೂರು ಮತ್ತು ಕಲಬುರಗಿ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಮೈಸೂರಿನ ಅಕ್ಷಾಂಶ 12.3 ಡಿಗ್ರಿಯಾದರೆ ಕಲಬುರಗಿಯದು 17.3. ಏಪ್ರಿಲ್ 22ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಗಡಿಯಾರದಲ್ಲಿ ಆಗ ಹನ್ನೆರಡಲ್ಲ, ಸುಮಾರು 12 ಗಂಟೆ 22 ನಿಮಿಷ. ದೇಶದ ಸಮಯವನ್ನು ನಿಗದಿ ಮಾಡಿರುವ 82.5 ಡಿಗ್ರಿ ರೇಖಾಂಶಕ್ಕಿಂತ ನಾವು ಸಾಕಷ್ಟು ಪಶ್ಚಿಮದಲ್ಲಿರುವುದೇ ಅದಕ್ಕೆ ಮುಖ್ಯ ಕಾರಣ. ಅದೇ ಹೊತ್ತಿಗೆ ಕಲಬುರಗಿಯಲ್ಲಿ ಒಂದು ಮೀಟರ್ ಎತ್ತರದ ಕೋಲು ಉತ್ತರ ದಿಕ್ಕಿಗೆ ಸುಮಾರು 8.8 ಸೆಂಟಿಮೀಟರ್ ಉದ್ದದ ನೆರಳು ಚೆಲ್ಲುತ್ತದೆ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 560 ಕಿಲೊಮೀಟರ್. ಕೋನ ಇಷ್ಟು ಚಿಕ್ಕದಿರುವಾಗ, ನೆರಳಿಗೂ ಕೋಲಿಗೂ ಇರುವ ಅನುಪಾತವೇ ಊರುಗಳ ನಡುವಿನ ದೂರಕ್ಕೂ ಭೂಮಿಯ ತ್ರಿಜ್ಯಕ್ಕೂ ಇರುತ್ತದೆ ಎಂಬುದನ್ನು ಹಲಗೆಯ ಮೇಲೆ ಒಂದು ಚಿತ್ರ ಬರೆದು ತೋರಿಸಿದರೆ, ಉಳಿದದ್ದು ಬರೀ ತ್ರೈರಾಶಿ. 8.8ಕ್ಕೆ 100 ಆದರೆ 560ಕ್ಕೆ ಎಷ್ಟು? 6,364 ಕಿಲೊಮೀಟರ್. ಪುಸ್ತಕದಲ್ಲಿರುವ ಸರಾಸರಿ ತ್ರಿಜ್ಯ 6,371. ಸುಮಾರು 2,200 ವರ್ಷಗಳ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನಡುವೆ ಮಾಡಿದ ಲೆಕ್ಕವೂ ಇದೇ.

ನೆರಳು ಅಳೆಯಲು ಅಂಗಳಕ್ಕೆ ಇಳಿದಾಗ ಮಾತ್ರ ಇಷ್ಟು ಅಚ್ಚುಕಟ್ಟಾದ ಉತ್ತರ ಯಾರಿಗೂ ಬರುವುದಿಲ್ಲ. ಮೈಸೂರಿನ ಸಹೋದ್ಯೋಗಿ ಮಿತ್ರರೊಬ್ಬರ ವಿದ್ಯಾರ್ಥಿಗಳು ಅಲ್ಲಿ ಕೋಲು ನಿಲ್ಲಿಸಿಕೊಂಡು ಫೋನಿನಲ್ಲಿ "ಈಗ ನೆರಳಿಲ್ಲ" ಎಂದು ಹೇಳುತ್ತಿದ್ದರೆ, ನಮ್ಮವರು ಇಲ್ಲಿ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕರವಸ್ತ್ರ ತಲೆಗೆ ಕಟ್ಟಿಕೊಂಡು ನೆಲಕ್ಕೆ ಬಗ್ಗಿ ಸ್ಕೇಲು ಹಿಡಿದಿದ್ದರು. ಒಂದು ಗುಂಪಿಗೆ ನೆರಳು 8.2 ಸೆಂಟಿಮೀಟರ್, ಇನ್ನೊಂದಕ್ಕೆ 9.4. ಒಬ್ಬರ ಭೂಮಿಯ ತ್ರಿಜ್ಯ ಆರು ಸಾವಿರ ಕಿಲೊಮೀಟರಿಗೂ ತುಸು ಕಡಿಮೆಯಾದರೆ, ಮತ್ತೊಬ್ಬರದು 6,800ನ್ನು ದಾಟಿತ್ತು. ಸ್ಕೇಲು ಸರಿಯಿಲ್ಲ, ನೀನು ಸರಿಯಾಗಿ ನೋಡಿಲ್ಲ ಎಂದು ಜಗಳ. ಕೊನೆಗೆ ಒಬ್ಬ ಹುಡುಗ ನೆರಳಿನ ತುದಿ ಎಲ್ಲಿ ಮುಗಿಯುತ್ತದೆ ಎಂಬುದೇ ಸ್ಪಷ್ಟವಿಲ್ಲ ಎಂದ. ಅದೇ ನಿಜ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿದ್ದಾನೆ. ಆದ್ದರಿಂದ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು 9 ಮಿಲಿಮೀಟರ್ ಉದ್ದಕ್ಕೂ ಮಸುಕಾಗಿರುತ್ತದೆ. ಕೋಲಿನ ತುದಿಗೆ ಸಣ್ಣ ತೂತಿರುವ ರಟ್ಟು ಕಟ್ಟಿದರೆ ನೆಲದ ಮೇಲೆ ಸೂರ್ಯನ ಪುಟ್ಟ ಬಿಂಬವೇ ಬೀಳುತ್ತದೆ, ಅದರ ನಡುವನ್ನು ಗುರುತಿಸುವುದು ಸುಲಭ. ಅಳತೆಯಲ್ಲಿನ ದೋಷ ಎಂದರೆ ಅಳೆದವರ ತಪ್ಪಲ್ಲ, ಅದಕ್ಕೂ ಒಂದು ಗಾತ್ರವಿದೆ, ಕಾರಣವಿದೆ, ಅದನ್ನು ತಗ್ಗಿಸುವ ದಾರಿಯಿದೆ ಎಂಬ ತಿಳಿವಳಿಕೆಯನ್ನು ನಾನು ಯಾವ ಉಪನ್ಯಾಸದಿಂದಲೂ ಅಷ್ಟು ಬೇಗ ಕೊಡಲಾರೆ. ಚುನಾವಣಾ ಸಮೀಕ್ಷೆ, ಬೆಳೆ ಅಂದಾಜು, ಔಷಧಿಯ ಪರಿಣಾಮ ಇವೆಲ್ಲವನ್ನು ಮುಂದೆ ಓದಿ ತೂಗಬೇಕಾದವರಿಗೆ ಬೇಕಾದ ತಿಳಿವಳಿಕೆಯೂ ಇದೇ.

ಅಂದು ತರಗತಿಗೆ ಮರಳಿದ ಮೇಲೆ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಲೇಬೇಕು. "ಸರ್, ಈ 560 ಕಿಲೊಮೀಟರ್ ನಕಾಶೆ ನೋಡಿ ತಗೊಂಡಿದ್ದಲ್ಲವಾ? ಭೂಮಿ ಎಷ್ಟು ದೊಡ್ಡದು ಅಂತ ಮೊದಲೇ ಗೊತ್ತಿಲ್ಲದೆ ನಕಾಶೆ ಹೆಂಗ ಮಾಡಿದ್ರು?" ಬಿ.ಎಸ್ಸಿ. ತರಗತಿಗಳಲ್ಲಿ ಈ ಲೆಕ್ಕ ಮಾಡಿಸಿದಾಗ ಯಾರೂ ಇದನ್ನು ಕೇಳಿರಲಿಲ್ಲ. ಲೆಕ್ಕಪತ್ರದಲ್ಲಿ ಒಂದೇ ಮೊತ್ತ ಎರಡು ಕಡೆ ನುಸುಳಿದೆಯೇ ಎಂದು ಹುಡುಕುವ ಅಭ್ಯಾಸ ಆಕೆಯ ನೆರವಿಗೆ ಬಂದಿರಬೇಕು. ಉತ್ತರವೂ ನಮ್ಮ ನೆಲದಲ್ಲೇ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಲಿಯಂ ಲ್ಯಾಂಬ್ಟನ್ ನೇತೃತ್ವದ ಸರ್ವೆ ತಂಡ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯನ್ನು ನೆಲದ ಮೇಲೆ ಹಾಸಿ ಹಾಸಿ ಒಂದು ಆಧಾರರೇಖೆಯನ್ನು ಅಳೆಯಿತು. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತಾ ಸರ್ವೆ ಉತ್ತರಕ್ಕೆ ಸಾಗಿತು. ದಶಕಗಳ ನಂತರ ಬೀದರ್ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ಲೆಕ್ಕವನ್ನು ತಾಳೆ ನೋಡಲಾಯಿತು. ದೂರ ಮೊದಲು ಸರಪಳಿಯಿಂದ ಬಂತು, ಭೂಮಿಯ ಗಾತ್ರ ಆ ದೂರದಿಂದ ಬಂತು. ಇತಿಹಾಸದ ವಿದ್ಯಾರ್ಥಿಗಳು ಕಿವಿ ನಿಮಿರಿಸಿದ್ದು ಇಲ್ಲಿಂದ ಮುಂದೆ.

ಒಮ್ಮೆ ಭೂಮಿಯ ತ್ರಿಜ್ಯ ಕೈಗೆ ಬಂದರೆ ಅದನ್ನು ಬಳಸಿ ಇನ್ನಷ್ಟು ಮುಂದೆ ಹೋಗಬಹುದು. ಹಾಸನದಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರದವರು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಎಷ್ಟು ಎತ್ತರದಲ್ಲಿವೆ? ಚಂದ್ರ ಸರಾಸರಿ 3,84,400 ಕಿಲೊಮೀಟರ್ ದೂರದಲ್ಲಿ ಭೂಮಿಯನ್ನು 27.3 ದಿನಗಳಲ್ಲಿ ಸುತ್ತುತ್ತಾನೆ. ಸುತ್ತುವ ಅವಧಿಯ ವರ್ಗ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ಕೆಪ್ಲರನ ನಿಯಮವನ್ನು ಹೇಳಿ, ಒಂದು ದಿನಕ್ಕೊಂದು ಸುತ್ತು ಹಾಕುವ ವಸ್ತು ಎಲ್ಲಿರಬೇಕು ಎಂದು ಕೇಳಿದರೆ ಸಾಕು. 27.3ರ ವರ್ಗ 745, ಅದರ ಘನಮೂಲ ಸುಮಾರು 9.07. ಚಂದ್ರನ ದೂರವನ್ನು ಅದರಿಂದ ಭಾಗಿಸಿದರೆ ಭೂಮಿಯ ಕೇಂದ್ರದಿಂದ 42,400 ಕಿಲೊಮೀಟರ್. ಅಂಗಳದಲ್ಲಿ ಅಳೆದ ತ್ರಿಜ್ಯವನ್ನು ಕಳೆದರೆ ನೆಲದಿಂದ 36,000. ಡಿಶ್ ಆಂಟೆನಾ ಏಕೆ ಸದಾ ಒಂದೇ ಕಡೆ ಮುಖಮಾಡಿ ಕೂತಿರುತ್ತದೆ ಎಂಬುದು ಆಮೇಲೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಕ್ಯಾಲ್ಕುಲೇಟರ್ ಇರುವ ಮೊಬೈಲ್ ಎಲ್ಲರ ಕಿಸೆಯಲ್ಲೂ ಇದೆ, ತರಗತಿಯಲ್ಲಿ ಅದನ್ನು ಹೊರತೆಗೆಯಲು ಬಿಡಬೇಕಷ್ಟೆ.

ಆಕಾಶದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಬರಿಗೈಯಲ್ಲಿ ಬರುವವರಲ್ಲ ಎಂಬುದನ್ನು ಪಠ್ಯಕ್ರಮ ಬರೆಯುವವರು ಮರೆಯುತ್ತಾರೆ. ರೋಹಿಣಿ ಮಳೆ ಹೊಯ್ದರೆ ಓಣಿ ತುಂಬಾ ಜೋಳ ಎಂದು ಕೇಳಿಕೊಂಡು ಬೆಳೆದವರು ಅವರು. ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಳೆಗಳ ಸಾಲನ್ನು ನನಗಿಂತ ನಿರರ್ಗಳವಾಗಿ ಹೇಳುತ್ತಾರೆ. ಆದರೆ ಆರಿದ್ರಾ ಮಳೆ ಸುರಿಯುವ ಜೂನ್ ಕೊನೆಯ ವಾರದಲ್ಲಿ, ಮೋಡವೇ ಇಲ್ಲದಿದ್ದರೂ ಆರಿದ್ರಾ ನಕ್ಷತ್ರ ಏಕೆ ಕಾಣುವುದಿಲ್ಲ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲೇ ಇರುವುದರಿಂದ ಅದು ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ; ಅದೇ ಕೆಂಪು ನಕ್ಷತ್ರವನ್ನು ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ರಾತ್ರಿಯಿಡೀ ನೋಡಬಹುದು. ವರ್ಷದ ದಿನಗಳನ್ನು 27ರಿಂದ ಭಾಗಿಸಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ ಏಕೆ ಎಂಬುದೂ ತಿಳಿಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದೇ ಆದರೂ ಸಂಕ್ರಾಂತಿ ಜನವರಿ 14ರ ಹೊತ್ತಿಗೆ ಬರುವುದೇಕೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಭೂಮಿಯ ಅಕ್ಷ ಸುಮಾರು 25,800 ವರ್ಷಗಳಿಗೊಮ್ಮೆ ನಿಧಾನವಾಗಿ ಒಂದು ಸುತ್ತು ತೂಗುವುದರಿಂದ, ನಕ್ಷತ್ರಗಳನ್ನು ನೆಚ್ಚಿದ ಪಂಚಾಂಗಕ್ಕೂ ಋತುಗಳನ್ನು ನೆಚ್ಚಿದ ಕ್ಯಾಲೆಂಡರಿಗೂ ಎಪ್ಪತ್ತು ವರ್ಷಕ್ಕೆ ಸುಮಾರು ಒಂದು ದಿನದಂತೆ ಅಂತರ ಬೆಳೆಯುತ್ತಾ ಬಂದಿದೆ. ಸುಮಾರು 1,700 ವರ್ಷಗಳ ಹಿಂದೆ ಸೂರ್ಯ ಉತ್ತರಕ್ಕೆ ತಿರುಗುವುದೂ ಸಂಕ್ರಾಂತಿಯೂ ಒಂದೇ ದಿನ ಇದ್ದವು. ಇಷ್ಟನ್ನು ಲೆಕ್ಕ ಹಾಕಿ ತಿಳಿದ ವಿದ್ಯಾರ್ಥಿ, ತಮ್ಮ ಪತ್ರಿಕೆಯ ದಿನಭವಿಷ್ಯವನ್ನು ಓದುವುದನ್ನು ಬಿಡುತ್ತಾನೆಂದು ನಾನು ಹೇಳಲಾರೆ. ಓದುವಾಗ ಒಂದೆರಡು ಪ್ರಶ್ನೆಗಳನ್ನಂತೂ ಕೇಳಿಕೊಳ್ಳುತ್ತಾನೆ.

ದೊಡ್ಡ ದೂರದರ್ಶಕವಿಲ್ಲದೆ ಖಗೋಳ ಕಲಿಸುವುದು ಹೇಗೆ ಎಂಬ ಆಕ್ಷೇಪವೂ ಇದೆ. ಮೇಲೆ ಹೇಳಿದ ಯಾವುದಕ್ಕೂ ದೂರದರ್ಶಕ ಬೇಕಿಲ್ಲ ಎಂಬುದು ಒಂದು ಉತ್ತರ. ಎರಡನೆಯದು, ವಿಜ್ಞಾನದ ದೊಡ್ಡ ಪ್ರಶ್ನೆಗಳು ನಮ್ಮ ಊರುಗಳ ಪಕ್ಕದಲ್ಲೇ ಹಾದುಹೋಗಿವೆ ಎಂಬುದು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಿಂದ ನೋಡಲು ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದಂತೆ, ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದು ನಿಂತದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕಿನಲ್ಲಿ ಪ್ರಕಾಶಮಾನವಾದ ಗೆರೆಗಳು ಕಂಡವು. ಅಂದರೆ ಅದು ಕಾದು ಬೆಳಗುವ ಅನಿಲ. ಅಂಥ ಅನಿಲದ ಬೆಳಕಿನಲ್ಲಿ ಪ್ರತಿ ಧಾತುವೂ ತನ್ನದೇ ಜಾಗದಲ್ಲಿ ಗೆರೆ ಮೂಡಿಸುತ್ತದೆ. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯನ್ನು ನೋಡಿದವರು ಮೊದಲಿಗೆ ಸೋಡಿಯಂನದೆಂದು ಬಗೆದರು. ಅದು ಸೋಡಿಯಂನ ಜಾಗದಲ್ಲಿಲ್ಲ, ತುಸು ಪಕ್ಕದಲ್ಲಿದೆ ಎಂದು ನಂತರ ತಿಳಿಯಿತು. ಹೀಲಿಯಂ ಎಂದು ಹೆಸರಿಟ್ಟ ಆ ಧಾತು ಭೂಮಿಯ ಮೇಲೆ ಸಿಕ್ಕಿದ್ದು 1895ರಲ್ಲಿ. ಜಮಖಂಡಿಯ ಕಾಲೇಜಿನ ಬಿ.ಎ. ವಿದ್ಯಾರ್ಥಿಗೆ ಈ ಕಥೆ ಗೊತ್ತಿರಬೇಡವೇ? ಹಾಳಾದ ಸಿ.ಡಿ.ಯ ತುಂಡೊಂದನ್ನು ಹಿಡಿದು ಬಲ್ಬಿನ ಬೆಳಕನ್ನೂ ಟ್ಯೂಬ್‌ಲೈಟಿನ ಬೆಳಕನ್ನೂ ಹೋಲಿಸಿ ನೋಡಿದರೆ ಆ ಗೆರೆಗಳೆಂದರೆ ಏನು ಎಂಬುದರ ರುಚಿ ಸಿಗುತ್ತದೆ.

ಅದೇ ನಾಡಿನಲ್ಲಿ ಒಂದೂವರೆ ಶತಮಾನದ ನಂತರ, 2019ರ ಡಿಸೆಂಬರ್ 26ರ ಗ್ರಹಣದ ದಿನ, ಮಂಗಳೂರು ಮತ್ತು ಕೊಡಗಿನಲ್ಲಿ ಜನ ಕಂಕಣವನ್ನು ಕಣ್ಣುತುಂಬಿಕೊಳ್ಳುತ್ತಿದ್ದಾಗ, ನಮ್ಮ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದು ಪತ್ರಿಕೆಗಳಲ್ಲೇ ವರದಿಯಾಗಿತ್ತು. ಆ ತಂದೆತಾಯಿಗಳನ್ನು ಹಳಿಯಲು ನನಗೆ ಮನಸ್ಸಿಲ್ಲ. ಎಲ್ಲ ಬಾಗಿಲು ತಟ್ಟಿ ಸೋತವರು ಅವರು. ಆದರೆ ಅಂಥ ಊರಿನಿಂದಲೂ ಪದವಿ ಕಾಲೇಜಿಗೆ ಬರುವ ಹುಡುಗ ಹುಡುಗಿಯರಿದ್ದಾರೆ, ಅವರಲ್ಲಿ ಹೆಚ್ಚಿನವರು ಬಿ.ಎ. ಮತ್ತು ಬಿ.ಕಾಂ. ತರಗತಿಗಳಲ್ಲಿದ್ದಾರೆ.

ಇತ್ತೀಚಿನ ವಿಜ್ಞಾನವನ್ನೂ ಹೀಗೆಯೇ ಹತ್ತಿರ ತರಬಹುದು. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ನಿನ ಗುರುತನ್ನು 78 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ನಮ್ಮ ಎಫ್‌ಎಂ ಕೇಂದ್ರಗಳಿಗಿಂತ ತುಸು ಕೆಳಗೆ, ಕಂಡೆವೆಂದು ಆಸ್ಟ್ರೇಲಿಯಾದಲ್ಲಿ ಉಪಕರಣ ಇಟ್ಟಿದ್ದ ಅಮೆರಿಕದ ತಂಡವೊಂದು 2018ರಲ್ಲಿ ಪ್ರಕಟಿಸಿತು. ಹೈಡ್ರೋಜನ್ನಿನ ಮೂಲ ಆವರ್ತನ 1,420 ಮೆಗಾಹರ್ಟ್ಸ್. 78ರಿಂದ ಭಾಗಿಸಿದರೆ 18. ವಿಶ್ವ ಹಿಗ್ಗಿದಷ್ಟೇ ಪಟ್ಟು ಅಲೆಯೂ ಹಿಗ್ಗಿ ಆವರ್ತನ ಇಳಿಯುವುದರಿಂದ, ಅಂದಿನಿಂದ ವಿಶ್ವ 18 ಪಟ್ಟು ಹಿಗ್ಗಿದೆ ಎಂದರ್ಥ. ಒಂದು ಭಾಗಾಕಾರದಲ್ಲಿ ಇಷ್ಟು ತಿಳಿಯುವುದಾದರೆ ಅದನ್ನು ವಿದ್ಯಾರ್ಥಿಗಳಿಂದ ಬಚ್ಚಿಡುವುದೇಕೆ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಸಂಕೇತವನ್ನು ಪರೀಕ್ಷಿಸಲು ಸರಸ್ ಎಂಬ ತಮ್ಮ ಉಪಕರಣವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೆಪ್ಪದಂತೆ ತೇಲಿಬಿಟ್ಟರು. ನೆಲದ ಪದರಗಳಿಂದ ಬರುವ ಗೊಂದಲ ನೀರಿನ ಮೇಲೆ ಇರುವುದಿಲ್ಲ ಎಂಬುದು ಅವರ ಯೋಚನೆ. ಆ ಸಂಕೇತ ಅವರಿಗೆ ಕಾಣಲಿಲ್ಲ, 2022ರಲ್ಲಿ ಹಾಗೆಂದು ಪ್ರಕಟಿಸಿದರು. ದೊಡ್ಡ ಸಂಸ್ಥೆಯ ದೊಡ್ಡ ಫಲಿತಾಂಶವನ್ನೂ ಮತ್ತೊಬ್ಬರು ಅಳೆದು ನೋಡುವವರೆಗೆ ಒಪ್ಪಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ, ಅದೂ ಸಾಗರ, ಹೊಸನಗರದ ವಿದ್ಯಾರ್ಥಿಗಳು ಲಾಂಚಿನಲ್ಲಿ ದಾಟಿದ ನೀರಿನ ಮೇಲೆ ನಡೆದದ್ದು.

ಇನ್ನು ಆಗಬೇಕಾದ್ದರ ಬಗ್ಗೆ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಈ ಪತ್ರಿಕೆಯ ವಿಷಯಸೂಚಿಯನ್ನು ಅರ್ಧಕ್ಕೆ ಇಳಿಸಬೇಕು. ಸೌರವ್ಯೂಹದಿಂದ ಮಹಾಸ್ಫೋಟದವರೆಗೆ ಎಲ್ಲವನ್ನೂ ಒಂದೊಂದು ಪುಟದಲ್ಲಿ ಮುಟ್ಟಿ ಹೋಗುವ ಹಟ ಬಿಟ್ಟು, ನಾಲ್ಕೈದು ಪ್ರಶ್ನೆಗಳನ್ನು ಆರಿಸಿ ಅವುಗಳ ಉತ್ತರದವರೆಗೂ ಹೋಗಬೇಕು. ಪರೀಕ್ಷೆಯಲ್ಲಿ ಬೇಕಾದ ಸೂತ್ರ ಮತ್ತು ಸಂಖ್ಯೆಗಳನ್ನು ಪ್ರಶ್ನೆಪತ್ರಿಕೆಯಲ್ಲೇ ಕೊಟ್ಟು, ಸಾಧಾರಣ ಕ್ಯಾಲ್ಕುಲೇಟರಿಗೆ ಅನುಮತಿ ನೀಡಿ, ಕನಿಷ್ಠ ಅರ್ಧದಷ್ಟು ಅಂಕಗಳನ್ನು ತರ್ಕ ಮತ್ತು ಲೆಕ್ಕಕ್ಕೆ ಇಡಬೇಕು. ಆಂತರಿಕ ಅಂಕಗಳಿಗೆ ಅಂತರ್ಜಾಲದಿಂದ ಇಳಿಸಿ ಅಂಟಿಸಿದ ಅಸೈನ್‌ಮೆಂಟ್ ಬೇಡ. ಒಂದು ತಿಂಗಳು ಚಂದ್ರನನ್ನು ನೋಡಿ, ಕಂಡ ಹೊತ್ತು, ದಿಕ್ಕು, ಆಕಾರವನ್ನು ಬರೆದಿಟ್ಟ ನೋಟ್‌ಬುಕ್ ಸಾಕು. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ ಎಂಬುದನ್ನು ನೋಡಿ ಬರೆದವನ ಪುಸ್ತಕಕ್ಕೂ ನಕಲು ಮಾಡಿದವನ ಪುಸ್ತಕಕ್ಕೂ ವ್ಯತ್ಯಾಸ ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಏಕೆಂದರೆ ನಿಜವಾಗಿ ನೋಡಿದವನ ಪುಸ್ತಕದಲ್ಲಿ ಮೋಡ ಕವಿದ ರಾತ್ರಿಗಳೂ ಇರುತ್ತವೆ.

ಪಾಠ ಮಾಡುವವರ ಸಂಗತಿಯೂ ಇದೆ. ಬಹಳಷ್ಟು ಕಾಲೇಜುಗಳಲ್ಲಿ ಈ ಪತ್ರಿಕೆ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಆಸಕ್ತಿಯಲ್ಲ, ಕಾರ್ಯಭಾರದ ಪಟ್ಟಿ. ಕೊನೆಗೆ ಅದು ಸೆಮಿಸ್ಟರ್ ಶುರುವಾಗಿ ವಾರಗಳು ಕಳೆದ ಮೇಲೆ ನೇಮಕವಾಗುವ ಅತಿಥಿ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಬೆಂಗಳೂರಿನ ನೆಹರೂ ತಾರಾಲಯವೂ ಮಂಗಳೂರಿನ ಪಿಲಿಕುಳದ ತಾರಾಲಯವೂ ರಾಜ್ಯದಲ್ಲೇ ಇವೆ. ಕಾಲೇಜು ಶಿಕ್ಷಣ ಇಲಾಖೆ ಅವುಗಳ ನೆರವಿನಿಂದ ಸೆಮಿಸ್ಟರ್ ಆರಂಭಕ್ಕೆ ಮೊದಲೇ ಎರಡು ಮೂರು ದಿನಗಳ ತರಬೇತಿ ಏರ್ಪಡಿಸಿ, ಅತಿಥಿ ಉಪನ್ಯಾಸಕರನ್ನೂ ಅದಕ್ಕೆ ಕರೆದು, ಕಾಯಂ ಸಿಬ್ಬಂದಿಗೆ ಕೊಡುವ ಪ್ರಯಾಣಭತ್ಯೆಯನ್ನೇ ಅವರಿಗೂ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ
ಕಲಬುರಗಿ